ಕೌದಿ ಉಬ್ಬಬಾರದೇ? ಮಂಚ ಬಿಟ್ಟು ನೆಲಕ್ಕೆ ಇಳಿಯಿರಿ

ಕೌದಿ ಎಂದರೆ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆ: ಹಿಂದೊಂದು ಪದರ, ಮಧ್ಯದಲ್ಲೊಂದು, ಮೇಲೆ ತುಂಡುಗಳನ್ನು ಜೋಡಿಸಿದ್ದೊಂದು. ಹೊಲಿದು ಮುಗಿಸಿದ ಕೌದಿಯನ್ನು ತಂದು ಮುಂದೆ ಹರವಿ, "ನಡುವೆ ಯಾಕೆ ಹೀಗೆ ಉಬ್ಬಿದೆ?" ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಹೊಲಿಯುವ ಮೊದಲು ಪದರಗಳನ್ನು ಹಾಸಿದ್ದು ಎಲ್ಲಿ? ಹೆಚ್ಚಿನವರ ಉತ್ತರವೂ ಒಂದೇ. ಮಂಚದ ಮೇಲೆ.

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬೇರೆ ಜಾಗ ಎಲ್ಲಿದೆ ಹೇಳಿ ಎನ್ನುತ್ತಾರೆ. ಮಾತು ನಿಜ. ಆದರೆ ಗಾದಿ ಮೆತ್ತಗಿರುತ್ತದೆ, ಮೊಣಕೈ ಊರಿದ ಕಡೆ ತಗ್ಗುತ್ತದೆ. ಆ ತಗ್ಗಿನಲ್ಲಿ ಕೆಳಗಿನ ಬಟ್ಟೆ ಒಂದಿಷ್ಟು ಜಾಸ್ತಿ ಸೇರಿಕೊಳ್ಳುತ್ತದೆ. ಸೂಜಿ ಹಾಸಿಗೆಯ ಚಾದರವನ್ನೂ ಸೇರಿಸಿ ಹೊಲಿದಿರುತ್ತದೆ, ಅದು ಬೇರೆ ಕಥೆ. ಹಾಸುವಾಗ ಬಿದ್ದ ಸುಕ್ಕು ಎಷ್ಟು ಚಂದ ಹೊಲಿದರೂ ಹೋಗುವುದಿಲ್ಲ. ಅದಕ್ಕೇ ಇಲ್ಲಿ ಹಾಸುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದದ್ದನ್ನು ಬೇಗ ಮುಗಿಸೋಣ.

ಬಟ್ಟೆ ಆರಿಸುವುದು

ಹಳೆಯ ಹತ್ತಿ ಸೀರೆಯೇ ಆಗಬೇಕು. ಹತ್ತಿ ಹೌದೋ ಅಲ್ಲವೋ ಅನುಮಾನ ಬಂದರೆ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಿನಂತಾಗುತ್ತದೆ. ಅಂಥ ಸೀರೆ ಎಷ್ಟೇ ಬಣ್ಣಬಣ್ಣವಾಗಿರಲಿ, ಪಕ್ಕಕ್ಕಿಡಿ. ಮುಂಬೈಯ ಬೆವರಿಗೆ ಅದು ಆಗಿಬರುವುದಿಲ್ಲ, ಹಾಸುವಾಗ ಜಾರುತ್ತದೆ ಕೂಡ.

ಸೀರೆಯ ಫಾಲ್ ಬಿಚ್ಚಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಜಾಳಾಗಿದೆಯೋ ಅಲ್ಲಿ ಗುರುತು ಹಾಕಿ. ಆ ಭಾಗ ಮಧ್ಯದ ಪದರಕ್ಕೆ ಹೋಗಲಿ. ಮೇಲಿನ ತುಂಡುಗಳಿಗೆ ಬ್ಲೌಸ್ ಹೊಲಿಯುವ ಟೇಲರ್ ಹತ್ತಿರ ಕೇಳಿದರೆ ಚೂರುಗಳು ಸಿಗುತ್ತವೆ. ಟೂ ಬೈ ಟೂ ರುಬಿಯಾ ಎಂಬ ಬ್ಲೌಸಿನ ತೆಳು ಹತ್ತಿ ಬಟ್ಟೆಯ ಚೂರು ಕೌದಿಗೆ ಬಹಳ ಒಳ್ಳೆಯದು, ಆದರೆ ಈಗ ಅದರಲ್ಲೂ ಪಾಲಿಯೆಸ್ಟರ್ ಬೆರಕೆ ಬರುತ್ತದೆ, ಸುಟ್ಟು ನೋಡಿಯೇ ತೆಗೆದುಕೊಳ್ಳಿ. ಹೊಸ ಬಟ್ಟೆಯೇ ಬೇಕು ಎನ್ನುವವರು ದಾದರಿನ ಹಿಂದ್‌ಮಾತಾ ಕಡೆಗೋ ಮಂಗಲದಾಸ್ ಮಾರ್ಕೆಟ್‌ಗೋ ಹೋಗುತ್ತಾರೆ. ಹೋಗಲಿ. ತಂದ ಮೇಲೆ ಮಾತ್ರ ಒಂದು ಸಲ ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಲೇಬೇಕು. ಹಳೆ ಸೀರೆ ಕುಗ್ಗುವಷ್ಟು ಕುಗ್ಗಿಯಾಗಿರುತ್ತದೆ, ಹೊಸದು ಕುಗ್ಗಿರುವುದಿಲ್ಲ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಸೊಟ್ಟಗಾಗುತ್ತದೆ. ಬಣ್ಣ ಬಿಡುತ್ತದೋ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಟ್ಟರೆ ಆ ತುಂಡೇ ಬೇಡ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಬಿಳಿ ಕೌದಿಗೆ ಕೆಂಪು ತುಂಡು ಹಚ್ಚಬೇಡಿ.

ಲೆಕ್ಕ

ಆರು ಗಜದ ಸೀರೆ ಎಂದರೆ 18 ಅಡಿ. ಅದನ್ನು ನಾಲ್ಕು ತುಂಡು ಮಾಡಿದರೆ ಒಂದೊಂದು ನಾಲ್ಕೂವರೆ ಅಡಿ. ಎರಡೆರಡು ತುಂಡುಗಳನ್ನು ಅಂಚಿಗೆ ಅಂಚು ಜೋಡಿಸಿ. ಸೀರೆಯ ಅಗಲ ಸುಮಾರು 45 ಇಂಚು ಇರುವುದರಿಂದ, ನಾಲ್ಕೂವರೆ ಅಡಿ ಅಗಲ, ಏಳು ಅಡಿಗಿಂತ ತುಸು ಹೆಚ್ಚು ಉದ್ದದ ಎರಡು ಪದರ ಸಿಗುತ್ತದೆ. ಒಬ್ಬರು ಹೊದೆಯುವ ಕೌದಿಗೆ ಇದು ಸರಿಯಾಗಿ ಸಾಕು. ಒಂದು ಪದರ ಹಿಂದಕ್ಕೆ, ಒಂದು ಮಧ್ಯಕ್ಕೆ.

ಮೇಲಿನ ಪದರಕ್ಕೆ ಆರೂವರೆ ಇಂಚಿನ ಚೌಕಗಳನ್ನು ಕತ್ತರಿಸಿ, ಸುತ್ತ ಕಾಲು ಇಂಚು ಒಳಗೆ ಬಿಟ್ಟು ಜೋಡಿಸಿ. ಅಗಲಕ್ಕೆ 8, ಉದ್ದಕ್ಕೆ 14. ಒಟ್ಟು 112 ಚೌಕ, ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಮಧ್ಯದ ಪದರ ಇದೇ ಅಳತೆಗೆ. ಹಿಂದಿನದು ಮಾತ್ರ ಸುತ್ತಲೂ 2 ಇಂಚು ದೊಡ್ಡದಿರಲಿ, ಕೊನೆಗೆ ಅಂಚು ಕಟ್ಟಲು ಬೇಕು.

ಮುಂಬೈಗೆ ಮೂರು ಪದರ ಸಾಕು. ಪುಣೆಯಲ್ಲಿರುವ ಮಗಳಿಗೆ ಎಂದಾದರೆ ಇನ್ನೊಂದು ಸೀರೆ ಸೇರಿಸಿ, ಅಲ್ಲಿ ಡಿಸೆಂಬರ್, ಜನವರಿಯಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಫೈಬರ್ ಶೀಟನ್ನು ನಡುವೆ ತುಂಬುವವರಿದ್ದಾರೆ. ಅದು ಕೌದಿ ಅಲ್ಲ, ಸೆಕೆಗಾಲದಲ್ಲಿ ಯಾರೂ ಮುಟ್ಟದ ವಸ್ತು.

ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಹಿಂದಿನ ಪದರದ ಜೋಡಣೆಯೂ ಮಧ್ಯದ ಪದರದ ಜೋಡಣೆಯೂ ಒಂದೇ ಸಾಲಿಗೆ ಬಂದುಬಿಡುತ್ತವೆ. ಅಲ್ಲಿ ಹಗ್ಗದಂಥ ಗೆರೆ ಎದ್ದು, ಸೂಜಿ ಮುರಿಯುತ್ತದೆ. ಮಧ್ಯದ ಪದರಕ್ಕೆ ಒಂದು ತುಂಡನ್ನು ಹಾಗೇ ಇಟ್ಟು, ಇನ್ನೊಂದನ್ನು ಅಂಚಿನ ಉದ್ದಕ್ಕೂ ಸೀಳಿ ಎರಡು ಮಾಡಿ, ಆಚೆಗೊಂದು ಈಚೆಗೊಂದು ಹಚ್ಚಿ. ಅಳತೆ ಅಷ್ಟೇ, ಜೋಡಣೆ ಬೇರೆ ಕಡೆ.

ಹಾಸುವುದು

ಎಲ್ಲ ಪದರಗಳಿಗೂ ಇಸ್ತ್ರಿ ಹಾಕಿ. ಮಳೆಗಾಲದ ತೇವಕ್ಕೆ ಬಟ್ಟೆ ಮುದುಡಿಕೊಂಡಿರುತ್ತದೆ, ಕೈಯಿಂದ ಸವರಿದರೆ ಸರಿಹೋಗುವುದಿಲ್ಲ. ಹಾಲ್‌ನ ಟೀಪಾಯಿ, ಕುರ್ಚಿ ಎಲ್ಲ ಅಡುಗೆಮನೆಗೆ ಹೋಗಲಿ. ನೆಲ ಒರೆಸಿ, ಪೂರ್ತಿ ಆರಲು ಬಿಡಿ. ಫ್ಯಾನ್ ಆಫ್ ಮಾಡಿ. ಸೆಕೆಯಾಗುತ್ತದೆ, ಏನು ಮಾಡುವುದು, ಟವೆಲ್ ಇಟ್ಟುಕೊಳ್ಳಿ.

ಈಗ ನಮ್ಮ ಫ್ಲ್ಯಾಟುಗಳ ದೊಡ್ಡ ಉಪಕಾರ ಒಂದಿದೆ: ಟೈಲ್ಸ್. ಎರಡು ಟೈಲ್ಸ್ ನಡುವಿನ ಗೆರೆ ನೆಟ್ಟಗಿರುತ್ತದೆ, ಮೂಲೆ ಚೌಕವಾಗಿರುತ್ತದೆ. ಬೇರೆ ಅಳತೆಪಟ್ಟಿ ಬೇಕಿಲ್ಲ. ಹಿಂದಿನ ಪದರವನ್ನು ಉಲ್ಟಾ ಮಾಡಿ, ಅದರ ಜೋಡಣೆ ಟೈಲ್ಸ್‌ನ ಒಂದು ಗೆರೆಯ ಮೇಲೆ ಕೂರುವಂತೆ ಹಾಸಿ. ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದರಿಂದ ನೆಲಕ್ಕೆ ಅಂಟಿಸಿ. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪ್ ಬೇಡ, ಗೋಂದು ಸೀರೆಯಲ್ಲೇ ಉಳಿಯುತ್ತದೆ.

ಟೇಪ್ ಹಚ್ಚುವ ಕ್ರಮ ಮುಖ್ಯ. ಮೊದಲು ನಾಲ್ಕೂ ಬದಿಗಳ ನಡುಭಾಗ. ಆಮೇಲೆ ಅಲ್ಲಿಂದ ಮೂಲೆಗಳ ಕಡೆಗೆ. ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಓರೆಯಾಗಿ ಎಳೆದುಕೊಳ್ಳುತ್ತದೆ, ಹತ್ತಿ ಸೀರೆ ಓರೆಗೆ ರಬ್ಬರಿನಷ್ಟೇ ಹಿಗ್ಗುತ್ತದೆ. ಇನ್ನೊಂದು ಮಾತು, ಬಟ್ಟೆ ಬಿಗಿಯಾಗಿರಬಾರದು. ಕೌದಿ ಹೊಲಿಯುವ ನಮ್ಮ ಗುಂಪಿನಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಯಾರಾದರೂ ಜೋರು ತೋರಿಸಿದರೆ, "ಎಷ್ಟ್ ಎಳೀತಿಯವಾ, ಸವರು ಸಾಕು" ಎನ್ನುತ್ತಾರೆ. ಪರೀಕ್ಷೆ ಸುಲಭ. ನಡುವೆ ಎರಡು ಬೆರಳಿಂದ ಹಿಡಿದು ಎತ್ತಿ. ಸ್ವಲ್ಪ ಮೇಲೆ ಬರಬೇಕು. ಬರದೆ ಎದುರು ಎಳೆದರೆ ಬಿಗಿ ಜಾಸ್ತಿ. ಟೇಪ್ ಕಿತ್ತ ಕೂಡಲೇ ಹಿಂದಿನ ಪದರ ತನ್ನ ಮೊದಲಿನ ಅಳತೆಗೆ ಕುಗ್ಗುತ್ತದೆ, ಮೇಲಿನ ಎರಡು ಕುಗ್ಗುವುದಿಲ್ಲ, ಆಗ ಸುಕ್ಕೋ ಸುಕ್ಕು.

ಮಧ್ಯದ ಪದರವನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಯನ್ನು ಹಾಸಿದ ಬಟ್ಟೆಯ ನಟ್ಟನಡುವೆ ಇಟ್ಟು, ಒಂದೊಂದೇ ಮಡಿಕೆ ಬಿಡಿಸಿ. ಗಾಳಿಯಲ್ಲಿ ಚಾದರ ಝಾಡಿಸಿದಂತೆ ಎಸೆಯಬೇಡಿ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಮೇಲಿನ ಪದರವೂ ಹೀಗೆಯೇ, ಈ ಸಲ ಸುಲ್ಟಾ.

ಈಗ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಸದ್ಯಕ್ಕೆ ಹಾಕಿ ಆಮೇಲೆ ಬಿಚ್ಚುವ ಹೊಲಿಗೆ. ಅಗ್ಗದ ದಾರ ಸಾಕು, ಆದರೆ ಕೌದಿಯಲ್ಲಿ ಎಲ್ಲೂ ಇಲ್ಲದ ಬಣ್ಣದ್ದಿರಲಿ, ಬಿಚ್ಚುವಾಗ ಕಾಣಬೇಕು. ಉದ್ದನೆಯ ದಾರ ತೆಗೆದುಕೊಳ್ಳಿ, ಗಂಟು ಹಾಕಬೇಡಿ. ನಟ್ಟನಡುವೆ ಸೂಜಿ ಚುಚ್ಚಿ, ಅರ್ಧ ದಾರ ಅಲ್ಲೇ ನೇತಾಡಲಿ. ಉಳಿದರ್ಧದಿಂದ ಎರಡೆರಡು ಇಂಚಿನ ಹೊಲಿಗೆ ಹಾಕುತ್ತಾ ಒಂದು ಅಂಚಿಗೆ ಹೋಗಿ. ಆಮೇಲೆ ಬಿಟ್ಟ ಅರ್ಧವನ್ನು ಸೂಜಿಗೆ ಪೋಣಿಸಿ ಎದುರು ಅಂಚಿಗೆ ಹೋಗಿ. ಇದೇ ರೀತಿ ಅಡ್ಡಕ್ಕೂ ಒಂದು. ಕೂಡಿಸುವ ಗುರುತಿನಂತೆ ಆಗುತ್ತದೆ. ಅದರ ಅಕ್ಕಪಕ್ಕ ನಾಲ್ಕು ಇಂಚಿಗೊಂದು ಸಾಲು, ಯಾವಾಗಲೂ ನಡುವಿನಿಂದ ಹೊರಕ್ಕೆ. ಬಟ್ಟೆಯಲ್ಲಿ ಇರುವ ಸಡಿಲ ಸೂಜಿಯ ಮುಂದೆ ಮುಂದೆ ಓಡುತ್ತದೆ. ಹೊರಗೆ ಓಡಿದರೆ ಅಂಚಿನಲ್ಲಿ ಹೊರಬಿದ್ದು ಹೋಯಿತು. ಅಂಚಿನಿಂದ ಒಳಗೆ ಬಂದರೆ ನಡುವೆ ಸಿಕ್ಕಿಬಿದ್ದು ಪೂರಿಯಂತೆ ಉಬ್ಬುತ್ತದೆ.

ಟೈಲ್ಸ್ ಮೇಲೆ ಸೂಜಿಯ ಮೊನೆ ಎತ್ತುವುದು ಕಷ್ಟ, ಬೆರಳು ನೋಯುತ್ತದೆ. ಎಡಗೈಯಲ್ಲಿ ಸ್ಟೀಲ್ ಚಮಚ ಹಿಡಿಯಿರಿ. ಮೊನೆ ಹೊರಬರುವ ಜಾಗದಲ್ಲಿ ಚಮಚದ ಅಂಚು ಒತ್ತಿದರೆ ಸೂಜಿ ತಾನೇ ಮೇಲೆ ಹತ್ತುತ್ತದೆ. ಕೌದಿಯ ಮೇಲೆ ಕೂರಬೇಡಿ, ಮೊಣಕಾಲೂ ಊರಬೇಡಿ. ನಾಲ್ಕಡಿ ಅಗಲ ಇರುವುದು, ಎರಡೂ ಬದಿಯಿಂದ ಕೈಗೆ ಎಟಕುತ್ತದೆ.

ಕಚ್ಚಾ ಹೊಲಿಗೆಯ ಬದಲು ಸೇಫ್ಟಿ ಪಿನ್ ಹಾಕುವವರಿಗೆ ನನ್ನದು ಖಡಾಖಂಡಿತ ಬೇಡ. ಕೌದಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ, ಜುಲೈ ಬಂದಾಗ ಅಗ್ಗದ ಪಿನ್ ತುಕ್ಕು ಹಿಡಿದು ಕಲೆ ಬಿಡುತ್ತದೆ. ತುಕ್ಕಿನ ಕಲೆ ಒಗೆದರೆ ಹೋಗುವುದಿಲ್ಲ. ಅಂಟಿನ ಸ್ಪ್ರೇ ಇನ್ನೂ ಕೆಟ್ಟದ್ದು. ಮುಚ್ಚಿದ ಮನೆಯಲ್ಲಿ ಉಸಿರುಕಟ್ಟುತ್ತದೆ, ಸೂಜಿಯೂ ಜಿಗುಟಾಗುತ್ತದೆ.

ಮುಗಿದ ಮೇಲೆ ಟೇಪ್ ಕಿತ್ತು ಕೌದಿಯನ್ನು ಮಗುಚಿ ಹಾಕಿ ನೋಡಿ. ಹಿಂದೆ ಒಂದು ಮಡಿಕೆ ಕಂಡರೂ ಆ ಭಾಗದ ಹೊಲಿಗೆ ಬಿಚ್ಚಿ ಮತ್ತೆ ಹಾಕಿ. "ಹೊಲೀತಾ ಹೊಲೀತಾ ಸರಿಹೋಗುತ್ತೆ" ಎನ್ನುವುದು ಸುಳ್ಳು.

ಸಿದ್ದಿಯರ ಕ್ರಮ ಬೇರೆ, ಬೆರೆಸಬೇಡಿ

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರಲ್ಲ, ಅವರದು ಯಾಕೆ ಉಬ್ಬುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅವರ ಮೇಲಿನ ಪದರ ಮೊದಲೇ ಜೋಡಿಸಿ ಸಿದ್ಧವಾಗಿರುವುದಿಲ್ಲ. ಸೀರೆಯ ಮೇಲೆ ಒಂದೊಂದೇ ತುಂಡು ಇಟ್ಟು, ಅಂಚು ಮಡಿಚಿ, ಹೊಲಿಯುತ್ತಾ ಹೋಗುತ್ತಾರೆ. ಸಡಿಲ ಬಂದರೆ ಮುಂದಿನ ತುಂಡಿನ ಮಡಿಕೆಯಲ್ಲೇ ಅದು ಅಡಗುತ್ತದೆ. ಮೂಲೆಗಳಿಗೆ ಮಡಿಚಿದ ತ್ರಿಕೋನದ ಹೂವು ಹಚ್ಚುತ್ತಾರೆ, ಅದಿಲ್ಲದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಆ ಕ್ರಮ ಬೇಕೆಂದರೆ ಮೊದಲಿಂದಲೂ ಅದನ್ನೇ ಹಿಡಿಯಿರಿ. ವಿಡಿಯೊ ನೋಡಿ, ಜೋಡಿಸಿದ ಚೌಕಗಳ ಮೇಲೆ ಅಂಚಿನಿಂದ ಹೊಲಿಯಲು ಹೊರಟರೆ ಎರಡೂ ಕೆಡುತ್ತವೆ.

ಹೊಲಿಯುವುದು

ದಪ್ಪ ಹತ್ತಿ ದಾರ, ಗಟ್ಟಿ ಸೂಜಿ. ದಬ್ಬಣ ಬೇಡ, ಹಳೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ. ದಾರ ಒಂದು ಮೊಳಕ್ಕಿಂತ ಹೆಚ್ಚು ಉದ್ದ ಬೇಡ, ಸಿಕ್ಕಾಗುತ್ತದೆ. ಜೇನುಮೇಣದ ಮೇಲೆ ಎಳೆದುಕೊಂಡರೆ ನಯವಾಗಿ ಓಡುತ್ತದೆ. ಮೇಣದಬತ್ತಿಗೆ ಎಳೆಯಬೇಡಿ, ಇಸ್ತ್ರಿ ಹಾಕಿದಾಗ ಜಿಡ್ಡಿನ ಕಲೆ ಬರುತ್ತದೆ. ಮಧ್ಯದ ಬೆರಳಿಗೆ ಅಂಗುಸ್ತಾನ ಇರಲಿ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿ.

ಸಾಲು ಗುರುತಿಸಲು ಸವೆದು ತೆಳ್ಳಗಾದ ಸ್ನಾನದ ಸೋಪಿನ ಚೂರಿಗಿಂತ ಒಳ್ಳೆಯದಿಲ್ಲ. ತಾನೇ ಅಳಿಸುವ ಪೆನ್ನು ನಮ್ಮ ಹವೆಗೆ ಸುಮ್ನೆ ದುಡ್ಡು ದಂಡ. ಚಹಾ ಕುಡಿದು ಬರುವಷ್ಟರಲ್ಲಿ ಗೆರೆ ಮಾಯ.

ನಡುವಿನಿಂದ ಶುರು ಮಾಡಿ, ಇಂಚಿಗೊಂದು ಸಾಲು, ಸಾದಾ ಹೊಲಿಗೆ. ಇಂಚಿಗೆ ನಾಲ್ಕೈದು ಬಂದರೆ ಧಾರಾಳವಾಯಿತು. ಹೊಲಿಗೆ ಚಿಕ್ಕದಾಗಬೇಕು ಎಂದು ಒದ್ದಾಡುವುದಕ್ಕಿಂತ ಒಂದೇ ಸಮ ಇರಲಿ. ಸಾಲು ಮುಗಿದಾಗ ದಾರವನ್ನು ಬೆರಳಿಂದ ಒಮ್ಮೆ ಸವರಿ ಸಡಿಲ ಬಿಟ್ಟು, ಆಮೇಲೆ ಗಂಟು ಹಾಕಿ, ಗಂಟನ್ನು ಪದರದ ಒಳಗೆ ಎಳೆದುಬಿಡಿ. ಕೊನೆಗೆ ಹಿಂದಿನ ಪದರದ 2 ಇಂಚನ್ನು ಎರಡು ಸಲ ಮಡಿಚಿ ಮೇಲಕ್ಕೆ ತಂದು ಹೊಲಿದರೆ ಅಂಚು ಆಯಿತು. ಬೇರೆ ಪಟ್ಟಿ ಬೇಕಿಲ್ಲ.

ಗುಂಪಾಗಿ ಮಾಡುವುದಾದರೆ

ಹಾಸುವ ಕೆಲಸಕ್ಕೆ ನಾಲ್ವರು ಬೇಕು, ಬದಿಗೊಬ್ಬರು. ಯಾರ ಹಾಲ್ ದೊಡ್ಡದೋ ಅವರ ಮನೆಯಲ್ಲಿ, ಇಲ್ಲವೇ ಸೊಸೈಟಿಯ ಹಾಲ್‌ನಲ್ಲಿ, ಇವತ್ತು ಒಬ್ಬರದ್ದು, ಬರುವ ತಿಂಗಳು ಇನ್ನೊಬ್ಬರದ್ದು. ಹೊಲಿಗೆಯನ್ನು ಅವರವರ ಮನೆಯಲ್ಲಿ ಮಾಡಿಕೊಳ್ಳಲಿ. ಜೊತೆಗೆ ಚೂರು ಬದಲಾಯಿಸಿಕೊಳ್ಳಿ. ಒಂದೇ ನಿಯಮ, ಹತ್ತಿ ಮಾತ್ರ.

ಎಲ್ಲರೂ ಸೇರಿ ಒಂದೇ ಕೌದಿಗೆ ಚೌಕ ಕೊಡುವುದು ಚಂದದ ಆಟ, ಆದರೆ ಹೊಲಿದು ತರಲು ಹೇಳಬೇಡಿ. ಒಬ್ಬರು ಕಾಲು ಇಂಚು ಬಿಡುತ್ತಾರೆ, ಇನ್ನೊಬ್ಬರು ಅದಕ್ಕಿಂತ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ. 14 ಚೌಕದ ಸಾಲಿಗೆ 3 ಇಂಚಿಗೂ ಮೇಲೆ ವ್ಯತ್ಯಾಸ ಬೀಳುತ್ತದೆ. ಚಪ್ಪಲಿ ಡಬ್ಬಿಯ ರಟ್ಟಿನಿಂದ ಒಬ್ಬರೇ ಎಲ್ಲರಿಗೂ ಅಚ್ಚು ಕತ್ತರಿಸಿ ಕೊಡಿ, ಬಟ್ಟೆ ಕತ್ತರಿಸಿ ತರಲಿ, ಜೋಡಿಸುವವರು ಒಬ್ಬರೇ ಇರಲಿ.

ಒಗೆಯುವುದನ್ನು ಮೇ ತಿಂಗಳಲ್ಲೇ ಮುಗಿಸಿ. ಮಳೆಗಾಲದಲ್ಲಿ ಒಗೆದ ಕೌದಿ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒಣಹಾಕುವಾಗ ಒಂದು ಹಗ್ಗದ ಮೇಲೆ ಬೇಡ. ಒಂದಡಿ ಅಂತರದ ಎರಡು ಹಗ್ಗಗಳ ಮೇಲೆ ಹರವಿ, ಭಾರ ಹಂಚಿಹೋಗುತ್ತದೆ, ನಡುವೆ ಗಾಳಿಯೂ ಆಡುತ್ತದೆ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆ ದಿಂಬಿನ ಕವರ್ ಸಾಕು.