ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್ ಪಿಚ್ ಮಾಡುವುದು ಹೇಗೆ?

ಪಂದ್ಯದ ಹಿಂದಿನ ಸಂಜೆ ನಾಲ್ಕು ಕೊಡ ನೀರು ಚೆಲ್ಲಿ, ಬೆಳಿಗ್ಗೆ ಹೋಗಿ ನೋಡಿದರೆ ಎಮ್ಮೆ ಹೊರಳಿ ಎದ್ದ ಹಾಗಿರುವ ಪಿಚ್‌ಗಳನ್ನು ನಮ್ಮ ಮಲೆನಾಡಿನ ಊರುಗಳಲ್ಲಿ ಪ್ರತಿ ಬೇಸಿಗೆಯಲ್ಲೂ ನೋಡುತ್ತಿದ್ದೇನೆ. ಮೊದಲ ಓವರಿನಲ್ಲಿ ಚೆಂಡು ಕಣಕಾಲಿಗೆ, ಎರಡನೆಯ ಓವರಿನಲ್ಲಿ ಗದ್ದಕ್ಕೆ. ಊರಿನ ತಂಡಕ್ಕೂ ಬೆಂಗಳೂರಿನಿಂದ ರಜೆಗೆ ಬಂದವರ ತಂಡಕ್ಕೂ ಹನ್ನೆರಡು ಓವರುಗಳ ಸ್ನೇಹದ ಪಂದ್ಯ. ಅದು ಜಗಳದಲ್ಲಿ ಮುಗಿದರೆ ಎಲ್ಲರೂ ಅಂಪೈರನ್ನು ಬೈಯುತ್ತಾರೆ. ತಪ್ಪು ನೆಲದ್ದು. ಹಿಂದೆ ಮನೆಯ ಹಿರಿಯರು ಭತ್ತ ಬಡಿಯಲು ಕಣ ಮಾಡುತ್ತಿದ್ದುದನ್ನು ನೋಡಿದವರಿಗೆ ಇದು ಹೊಸ ವಿದ್ಯೆಯೇ ಅಲ್ಲ. ಪಿಚ್ ಎಂದರೆ ಉದ್ದನೆಯ ಕಣ. ಕಣಕ್ಕೆ ಬೇಕಾದಂತೆ ಇದಕ್ಕೂ ಒಂದು ವಾರ ಬೇಕು.

ಗದ್ದೆ

ಬೈಲಿನ, ಅಂದರೆ ತಗ್ಗಿನ ಗದ್ದೆ ಬೇಡ. ಜನವರಿ ಕಳೆದರೂ ಅದರ ಅಡಿಯ ತೇವ ಹೋಗುವುದಿಲ್ಲ. ಎತ್ತರದಲ್ಲಿರುವ ಮಕ್ಕಿಗದ್ದೆ ಹುಡುಕಿ. ಪಿಚ್ ಉತ್ತರ-ದಕ್ಷಿಣವಾಗಿ ಬರುವಷ್ಟು ಜಾಗವಿರಲಿ; ಪೂರ್ವ-ಪಶ್ಚಿಮವಾಗಿ ಹಾಕಿದರೆ ಸಂಜೆಯ ಹೊತ್ತಿಗೆ ಒಂದು ತುದಿಯ ಬ್ಯಾಟ್ಸ್‌ಮನ್‌ಗೆ ಸೂರ್ಯ ಕಾಣುತ್ತಾನೆ, ಚೆಂಡು ಕಾಣುವುದಿಲ್ಲ. ಗದ್ದೆಯ ಒಡೆಯರ ಮನೆಗೆ ಹೋಗಿ ಕೇಳಿ. ಅವರ ಮಗನನ್ನು ತಂಡಕ್ಕೆ ಸೇರಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯಬೇಡಿ.

ಅಳತೆ

ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಇದನ್ನು ಹೆಜ್ಜೆ ಹಾಕಿ ಅಳೆಯುವವರೇ ಹೆಚ್ಚು. ಸಾಮಾನ್ಯ ಹೆಜ್ಜೆ ಎರಡೂವರೆ ಅಡಿ ಎಂದಿಟ್ಟುಕೊಂಡರೂ 22 ಹೆಜ್ಜೆಗೆ 55 ಅಡಿಯಾಯಿತು. ಹನ್ನೊಂದು ಅಡಿ ನುಂಗಿ ಹಾಕಿದ ಮೇಲೆ ಊರಿನ ಹುಡುಗನ ಬೌಲಿಂಗ್ ಬೆಂಕಿ ಎಂದು ಕುಣಿಯುವುದರಲ್ಲಿ ಅರ್ಥವಿಲ್ಲ. ಮೇಸ್ತ್ರಿಯ ಟೇಪ್ ತನ್ನಿ. ನಿಯಮದ ಪ್ರಕಾರ ಅಗಲ 10 ಅಡಿ; ಟೆನಿಸ್ ಚೆಂಡಿನ ಆಟಕ್ಕೆ ಆರು ಅಡಿ ಸಾಕು. ಆ ಆರು ಅಡಿಯನ್ನು ಚೆನ್ನಾಗಿ ಮಾಡಿ.

ಸ್ಟಂಪಿನ ಗುಳಿಗಳನ್ನು ಗುರುತಿಸಿಕೊಳ್ಳಬೇಕಾದದ್ದೂ ಈಗಲೇ. ನೆಲ ಒಣಗಿದ ಮೇಲೆ ಸ್ಟಂಪನ್ನು ಸುತ್ತಿಗೆಯಿಂದ ಬಡಿದರೆ ಬುಡದಿಂದ ಬಿರುಕು ಹೊರಟು ಬ್ಯಾಟ್ಸ್‌ಮನ್ ನಿಲ್ಲುವ ಗೆರೆಯಾದ ಕ್ರೀಸಿನವರೆಗೂ ಹೋಗುತ್ತದೆ. ಮಣ್ಣು ಮೆತ್ತಗಿರುವಾಗಲೇ ಹಾರೆಕೋಲಿನಿಂದ ಮೂರು ಗುಳಿ ಮಾಡಿ, ಅದರೊಳಗೆ ಮರದ ಗೂಟ ಇಳಿಸಿ ಬಿಡಿ. ಪಂದ್ಯದ ದಿನ ಗೂಟ ಕಿತ್ತರೆ ಸ್ಟಂಪಿಗೆ ಜಾಗ ಸಿದ್ಧ. ಮೂರೂ ಸ್ಟಂಪುಗಳ ಒಟ್ಟು ಅಗಲ 9 ಇಂಚು, ಎತ್ತರ 28 ಇಂಚು. ಅಂಗಡಿಯ ಸ್ಪ್ರಿಂಗ್ ಸ್ಟಂಪಿಗೆ ದುಡ್ಡು ಹಾಕಬೇಡಿ, ಮೂರನೆಯ ಪಂದ್ಯಕ್ಕೆ ಅದು ಕುಡಿದವನ ಹಾಗೆ ವಾಲುತ್ತದೆ. ಅಡಿಕೆ ಮರದ ದಬ್ಬೆಯನ್ನು ಸೀಳಿ ಹೆರೆದರೆ ಅದಕ್ಕಿಂತ ಒಳ್ಳೆಯ ಸ್ಟಂಪ್ ಇಲ್ಲ.

ಮಣ್ಣು ಮತ್ತು ನೀರು

ಎಲ್ಲರೂ ಕೆಡಿಸುವುದು ಇಲ್ಲಿ.

ಪಿಚ್ಚಿನ ಜಾಗದಲ್ಲಿರುವ ಕೂಳೆಯನ್ನು, ಅಂದರೆ ಕೊಯ್ದುಳಿದ ಭತ್ತದ ಬುಡವನ್ನು, ಬೇರು ಸಮೇತ ಗುದ್ದಲಿಯಿಂದ ಎಬ್ಬಿಸಿ. ಮೇಲಿಂದ ಸವರಿ ಬಿಟ್ಟರೆ ಉಳಿದ ಬೇರು ಒಣಗಿ ಒಳಗೆ ಟೊಳ್ಳಾಗುತ್ತದೆ. ಚೆಂಡು ಅದರ ಮೇಲೆ ಬಿದ್ದಾಗ ಏಳುವುದೇ ಇಲ್ಲ. ಹೊರಗಿನ ಗದ್ದೆಯಲ್ಲಿ ಮಾತ್ರ ಕತ್ತಿಯಿಂದ ನೆಲಮಟ್ಟಕ್ಕೆ ಸವರಿದರೆ ಸಾಕು. ನಾಲ್ಕು ಇಂಚು ಆಳದವರೆಗೆ ಮಣ್ಣು ಸಡಿಲಿಸಿ, ಹೆಂಟೆ ಒಡೆದು, ಕಲ್ಲು ಆರಿಸಿ, ಮಟ್ಟ ಮಾಡಿ. ಬಿರುಕುಗಳಿಗೆ ಒಣ ಪುಡಿ ಸುರಿಯುವ ಅಭ್ಯಾಸ ಬಿಡಿ. ಹೊರಗಿನಿಂದ ಕೆಂಪು ಮಣ್ಣು ತಂದು ತುಂಬುವುದೂ ಬೇಡ, ಎರಡು ಜಾತಿಯ ಮಣ್ಣು ಒಂದೇ ಹದದಲ್ಲಿ ಒಣಗುವುದಿಲ್ಲ. ಗದ್ದೆಯ ಜೇಡಿ ಹೆಚ್ಚು ಕುಗ್ಗುತ್ತದೆ, ಹೊಸದು ಕಡಿಮೆ ಕುಗ್ಗುತ್ತದೆ, ನಡುವೆ ಸೀಳು ಬಿಡುತ್ತದೆ. ಅದೇ ಗದ್ದೆಯ ಮಣ್ಣನ್ನು ಜರಡಿ ಹಿಡಿದು, ನೆನೆಸಿ, ಬಿರುಕಿಗೆ ತುಂಬಿ.

ಇನ್ನು ನೀರು. ಪಂದ್ಯಕ್ಕೆ ಏಳು ದಿನ ಮೊದಲು ಸಂಜೆ ಹೊತ್ತು ಮುಳುಗುವಾಗ ಹಾಯಿಸಿ. ಸಡಿಲಿಸಿದ ನಾಲ್ಕು ಇಂಚೂ ನೆನೆಯಬೇಕು, ಆದರೆ ಮೇಲೆ ನಿಲ್ಲಬಾರದು. ರಾತ್ರಿ ಹುಲ್ಲು ಹೊದೆಸಿ. ಬೆಳಿಗ್ಗೆ ಹುಲ್ಲು ಸರಿಸಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಅಂಗೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ, ಬಿಸಿಲು ಏರುವವರೆಗೆ ಕಾಯಿರಿ. ಉಂಡೆಯೇ ಆಗದೆ ಉದುರಿದರೆ ಮತ್ತೆ ನೀರು ಚಿಮುಕಿಸಿ. ಮೊಣಕಾಲಿನ ಎತ್ತರದಿಂದ ಬಿಟ್ಟಾಗ ಉಂಡೆ ಚಪ್ಪಟೆಯಾಗದೆ ಎರಡು ಮೂರು ಹೋಳಾಗಿ ಒಡೆದರೆ ಅದು ಹದ. ಆ ಹದ ಬೆಳಗಿನ ಎರಡು ಮೂರು ಗಂಟೆಯಷ್ಟೇ ಇರುತ್ತದೆ. ಆಗ ಯಾರೂ ತಿಂಡಿಗೆಂದು ಮನೆಗೆ ಹೋಗಬಾರದು.

ಮೊದಲು ನೆಲ ಬಡಿಯುವ ದಿಮ್ಮಸಿನಿಂದ ಬಡಿದು ಮಣ್ಣು ಕೂರಿಸಿ, ಆಮೇಲೆ ರೋಲರ್. ಅಂಗಳದ ಮೂಲೆಯಲ್ಲಿ ಕಣದಲ್ಲಿ ಉರುಳಿಸುವ ರೋಣಗಲ್ಲು ಬಿದ್ದಿದ್ದರೆ ಪುಣ್ಯ. ಇಲ್ಲವಾದರೆ 200 ಲೀಟರಿನ ಹಳೆಯ ಡ್ರಮ್ಮಿನ ನಡುವೆ ಪೈಪ್ ತೂರಿಸಿ ಕಾಂಕ್ರೀಟ್ ತುಂಬುತ್ತಾರೆ. ಅದು ಅರ್ಧ ಟನ್ನಿಗೆ ಹತ್ತಿರ ಬರುತ್ತದೆ, ಮುಂದಿನ ವರ್ಷ ಬೇರೆ ಗದ್ದೆಗೆ ಸಾಗಿಸಲು ಜನ ಸಿಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಕಾಂಕ್ರೀಟ್ ಬೇಡ, ನೀರು ತುಂಬಿ ಬಿರಡೆ ಬಿಗಿಯಿರಿ. 200 ಕಿಲೋ ಸಾಕು, ಕೆಲಸ ಮುಗಿದ ಮೇಲೆ ಖಾಲಿ ಮಾಡಿ ಹೆಗಲ ಮೇಲೆ ಹೊರಬಹುದು. ಟ್ರ್ಯಾಕ್ಟರಿನ ಚಕ್ರ ಹತ್ತಿಸಿದರೆ ಕ್ಷಣದಲ್ಲಿ ಆಗುತ್ತದೆ ಎನ್ನುವ ಬುದ್ಧಿವಂತರು ಪ್ರತಿ ಊರಿನಲ್ಲೂ ಇದ್ದಾರೆ. ಆಗುತ್ತದೆ, ಟಯರಿನ ಹಲ್ಲುಗಳ ಅಚ್ಚೂ ಆಗುತ್ತದೆ.

ಉದ್ದಕ್ಕೆ, ನಿಧಾನವಾಗಿ ಎಳೆಯಿರಿ. ರೋಲರಿಗೆ ಮಣ್ಣು ಅಂಟತೊಡಗಿದರೆ ತಕ್ಷಣ ನಿಲ್ಲಿಸಿ, ಅಂಟಿದ್ದನ್ನು ಕೆರೆದು ತೆಗೆದು, ಅರ್ಧ ಗಂಟೆ ಆರಲು ಬಿಡಿ. ಮೂರು ದಿನ ಬೆಳಿಗ್ಗೆ ಸಂಜೆ ಇದೇ ಕೆಲಸ, ಸಂಜೆ ತೆಳ್ಳಗೆ ನೀರು ಚಿಮುಕಿಸುವುದು. ಹೆಬ್ಬೆರಳಿನಿಂದ ಒತ್ತಿದರೂ ಗುಳಿ ಬೀಳದಂತಾದ ಮೇಲೆ ಸಗಣಿ ಸಾರಿಸಿ. ಗಟ್ಟಿಯಾಗಿ ಬಳಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮಜ್ಜಿಗೆಯಷ್ಟು ತೆಳ್ಳಗೆ ಕದಡಿ ಒಂದು ಕೈ, ಅದು ಪೂರ್ತಿ ಒಣಗಿದ ಮರುದಿನ ಅಡ್ಡಡ್ಡ ಇನ್ನೊಂದು ಕೈ. ಸಗಣಿಯ ಬದಲು ಸಿಮೆಂಟ್ ನೀರು ಬಳಿದವರನ್ನೂ ಕಂಡಿದ್ದೇನೆ. ಐದನೆಯ ಓವರಿಗೆ ಚಕ್ಕೆ ಎದ್ದಿತು, ಒಡೆಯರ ಬೈಗುಳ ಮಳೆಗಾಲದವರೆಗೂ ನಡೆಯಿತು.

ಈ ದಿನಗಳಲ್ಲಿ ಬೇಲಿಯ ದಾರಿಗೆ ಅಡ್ಡ ಹಾಕುವ ಉಣಗೋಲು ಹಾಕಿಯೇ ಇರಲಿ. ಹಸಿ ಪಿಚ್ಚಿನಲ್ಲಿ ಚೆಂಡು ಹೆಚ್ಚಾಗಿ ಬೀಳುವ ಗುಡ್‌ಲೆಂತ್ ಜಾಗದಲ್ಲಿ ಒಂದು ದನ ಗೊರಸು ಊರಿದರೆ ನಾಲ್ಕು ದಿನದ ದುಡಿಮೆ ಹೋಯಿತು.

ಪಂದ್ಯದ ದಿನ

ಕೊನೆಯ ಎರಡು ದಿನ ಒಂದು ತೊಟ್ಟು ನೀರೂ ಬೇಡ. ಗೆರೆ ಎಳೆಯಲು ಸುಣ್ಣದ ಪುಡಿ ಬೇಡ, ಗಾಳಿಗೆ ಹಾರಿ ಕಣ್ಣು ಉರಿಯುತ್ತದೆ. ರಂಗೋಲಿ ಪುಡಿ ತನ್ನಿ. ಬ್ಯಾಟಿಂಗ್ ಕ್ರೀಸ್ ಸ್ಟಂಪಿನ ಸಾಲಿನಿಂದ 4 ಅಡಿ ಮುಂದೆ. ಗೆರೆ ಓರೆಯಾಗದಂತೆ ಬಡಗಿಯ ಮೂಲೆಮಟ್ಟ ಇಡಿ.

ಚೆಂಡು ಎರಡಲ್ಲ, ನಾಲ್ಕು ಇರಲಿ. ಮೂರು ಓವರಿಗೆ ತುಪ್ಪಟ ಬಿಚ್ಚಿಕೊಳ್ಳುವ ಅಗ್ಗದ ಚೆಂಡಿನಲ್ಲಿ ಉಳಿಸಿದ ಹಣ ಮಧ್ಯಾಹ್ನದ ಐಸ್‌ಕ್ಯಾಂಡಿಗೂ ಸಾಲುವುದಿಲ್ಲ. ಬದು ದಾಟಿದರೆ ನಾಲ್ಕೋ, ತೋಟಕ್ಕೆ ಹಾರಿದರೆ ಆರೋ ಔಟೋ, ಬಾವಿಗೆ ಬಿದ್ದರೆ ಇಳಿಯುವವರು ಯಾರು ಎಂಬುದನ್ನೆಲ್ಲ ಟಾಸ್‌ಗೆ ಮೊದಲೇ ಮಾತನಾಡಿಕೊಳ್ಳಿ. ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ಬಡಿದರೆ ಔಟ್ ಎನ್ನುವ ಎಲ್‌ಬಿಡಬ್ಲ್ಯು ಇಲ್ಲವೆಂದು ಇಬ್ಬರು ನಾಯಕರೂ ಒಪ್ಪಿಕೊಂಡುಬಿಡುವುದು ಲೇಸು; ಅಂಪೈರ್ ಆಗುವುದು ಬ್ಯಾಟಿಂಗ್ ತಂಡದವನೇ ತಾನೆ. ಬಂದ ತಂಡಕ್ಕೆ ಊಟ ಆಟ ಮುಗಿದ ಮೇಲೆ. ನಡುವೆ ಮಜ್ಜಿಗೆ, ಅವಲಕ್ಕಿ, ಅಷ್ಟೇ.

ಆಟ ಮುಗಿದ ವಾರದೊಳಗೆ ಪಿಚ್ಚನ್ನು ಪಿಕಾಸಿಯಿಂದ ಅಡ್ಡಡ್ಡ ಅಗೆದು ಸಡಿಲಿಸಿ ಕೊಡಬೇಕು. ಹಾಗೇ ಬಿಟ್ಟರೆ ಜೂನಿನಲ್ಲಿ ಉಳುವಾಗ ಟಿಲ್ಲರ್ ಅಲ್ಲಿ ಕಲ್ಲಿನ ಮೇಲೆ ಹೋದಂತೆ ನೆಗೆಯುತ್ತದೆ. ಒಂದು ವರ್ಷ ನಾವು ನಾಳೆ ನಾಳೆ ಎನ್ನುತ್ತ ಅಗೆಯದೆ ಉಳಿದೆವು. ಮುಂದಿನ ಬೇಸಿಗೆಯಲ್ಲಿ ಟೇಪ್ ಹಿಡಿದು ಹೋದಾಗ ಆ ಗದ್ದೆಯಲ್ಲಿ ಸಾಲಾಗಿ ಅಡಿಕೆ ಸಸಿಗಳು ನಿಂತಿದ್ದವು.