ರುದ್ರಾಕ್ಷಿ ಜಪಮಾಲೆ: ಆರಿಸುವುದು, ಪೋಣಿಸುವುದು, ಎಣಿಸುವುದು ಹೇಗೆ?

ಕೂಡಲಸಂಗಮದಲ್ಲಿ ಸಂಗಮನಾಥನ ದರ್ಶನ ಮುಗಿಸಿ ಹೊರಗೆ ಬಂದರೆ ಅಂಗಡಿಗಳ ಸಾಲು. ವಿಭೂತಿ ಗಟ್ಟಿ, ಕುಂಕುಮ, ಬಳೆ, ಮಕ್ಕಳ ಆಟಿಕೆ. ನಡುನಡುವೆ ಗೊಂಚಲು ಗೊಂಚಲಾಗಿ ತೂಗುಬಿಟ್ಟ ರುದ್ರಾಕ್ಷಿ ಸರ. ಬಂದವರು ಒಂದಾದರೂ ಕೊಳ್ಳುತ್ತಾರೆ, ಮನೆಗೆ ತಂದು ದೇವರ ಜಗಲಿಯ ಮೊಳೆಗೆ ಹಾಕುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಧೂಳು ಹಿಡಿದು ಅಲ್ಲೇ ಉಳಿಯುತ್ತದೆ. ನೋಡಿದಾಗೆಲ್ಲ ನನಗೆ ಸಂಕಟ. ರುದ್ರಾಕ್ಷಿಗೆ ಬೆರಳು ತಾಗಬೇಕು. ನಮ್ಮಜ್ಜನ ಮಾಲೆಯ ಮಣಿಗಳು ಮುಟ್ಟಿ ಮುಟ್ಟಿ ಹುಣಸೆ ಬೀಜದಂತೆ ನುಣುಪಾಗಿದ್ದವು, ಮುಳ್ಳೆಲ್ಲ ಸವೆದಿದ್ದವು.

ಆ ಮಾಲೆಯ ದಾರ ಕಡಿದು ಹೋದ ದಿನವೇ ನಾನು ಪೋಣಿಸುವುದನ್ನು ಕಲಿತದ್ದು. ಆವತ್ತು ಒಂದು ಮಣಿ ಒಡೆದಿತ್ತು. ಅಜ್ಜ ಅದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಒಳಗೆ ಐದು ಪುಟ್ಟ ಕೋಣೆ, ಹೂವಿನ ಎಸಳಿನ ಹಾಗೆ ಸುತ್ತಲೂ ಜೋಡಿಸಿಟ್ಟಂತೆ. ಹೊರಗೆ ಐದು ಗೆರೆ ಇದ್ದರೆ ಒಳಗೆ ಐದು ಕೋಣೆ. ಅದೇ ಐದು ಮುಖ.

ಮಣಿ ಅಂದರೆ ಏನು?

ರುದ್ರಾಕ್ಷಿ ಒಂದು ಹಣ್ಣಿನ ಗೊರಟೆ. ಮರ ನಮ್ಮ ಎರೆ ಹೊಲದ್ದಲ್ಲ. ಅದಕ್ಕೆ ತೇವದ ಗಾಳಿ, ಜಾಸ್ತಿ ಮಳೆ ಬೇಕು. ನೇಪಾಳ, ಇಂಡೊನೇಷ್ಯಾದ ಜಾವಾ, ನಮ್ಮ ಈಶಾನ್ಯ ರಾಜ್ಯಗಳಲ್ಲಿ ಬೆಳೆಯುತ್ತದೆ. ಹಣ್ಣು ಕಡು ನೀಲಿ. ವಿಶೇಷ ಏನೆಂದರೆ ಆ ಸಿಪ್ಪೆಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಸಿಪ್ಪೆಯೊಳಗಿನ ತೆಳು ಪದರಗಳು ಬೆಳಕನ್ನು ತಿರುಗಿಸುವ ರೀತಿಯಿಂದ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಸಿಪ್ಪೆ, ತಿರುಳು ಕೊಳೆಸಿ ತೆಗೆದರೆ ಮುಳ್ಳು ಮುಳ್ಳಾದ ಗೊರಟೆ ಉಳಿಯುತ್ತದೆ.

ರುದ್ರಾಕ್ಷ ಅಂದರೆ ರುದ್ರನ ಕಣ್ಣು. ತ್ರಿಪುರಾಸುರರನ್ನು ಸುಡಲು ಹೊರಟ ಶಿವ ಬಹುಕಾಲ ಕಣ್ಣು ಮುಚ್ಚದೆ ಇದ್ದ, ಆಗ ಉದುರಿದ ಕಣ್ಣೀರಿನ ಹನಿಗಳಿಂದ ಈ ಮರ ಹುಟ್ಟಿತು ಎನ್ನುವುದು ಪುರಾಣ. ನಮ್ಮ ಕಡೆ ಇದಕ್ಕೆ ಇನ್ನೊಂದು ಬಲವೂ ಇದೆ. ಲಿಂಗಾಯತರ ಅಷ್ಟಾವರಣ ಎಂದರೆ ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ. ಭಕ್ತನನ್ನು ಕಾಯುವ ಎಂಟು ಹೊದಿಕೆಗಳಲ್ಲಿ ರುದ್ರಾಕ್ಷಿಯೂ ಒಂದು. ಅದಕ್ಕೇ ಬೆಳಗ್ಗೆ ಸ್ನಾನ ಆದ ಮೇಲೆ ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಆಮೇಲೆ ಪೂಜೆ.

ಮೊದಲು ಆರಿಸುವುದು

ಜಪಕ್ಕೆ ಐದು ಮುಖದ್ದೇ ಸಾಕು. ಸುಮ್ನೆ ಹೇಳುತ್ತಿಲ್ಲ. ಮರದಲ್ಲಿ ಬಿಡುವ ಕಾಯಿಗಳಲ್ಲಿ ಹೆಚ್ಚಿನವು ಐದು ಮುಖದವೇ, ಹಾಗಾಗಿ ಅಗ್ಗ. ಅಗ್ಗ ಅಂತ ಮಹಿಮೆ ಕಡಿಮೆಯಲ್ಲ. ಶಿವನಿಗೂ ಐದು ಮುಖ: ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ. ನಮಃ ಶಿವಾಯ ಮಂತ್ರಕ್ಕೂ ಐದೇ ಅಕ್ಷರ. ಬಡವನ ಕೈಗೆ ಎಟುಕುವ ಮಣಿಯಲ್ಲೇ ಇದೆಲ್ಲ ಕೂಡಿದೆ.

ಮುಖ ಜಾಸ್ತಿ ಆದಷ್ಟು, ಅಥವಾ ಒಂದೇ ಆದರೆ, ಬೆಲೆ ಏರುತ್ತದೆ. ಮೋಸವೂ ಅಲ್ಲೇ. ಕೆಲ ವರ್ಷದ ಹಿಂದೆ ಯಾತ್ರೆಗೆ ಹೋದಾಗ ಹನ್ನೊಂದು ಮುಖದ್ದು ಎಂದು ನಂಬಿ ದೊಡ್ಡ ದುಡ್ಡು ಕೊಟ್ಟು ಒಂದು ಮಣಿ ತಂದೆ. ರಾತ್ರಿ ಬಿಸಿನೀರಿನಲ್ಲಿ ಹಾಕಿಟ್ಟೆ. ಬೆಳಗ್ಗೆ ನೋಡಿದರೆ ಬಟ್ಟಲಲ್ಲಿ ಎರಡು ತುಂಡು, ನಡುವೆ ಬಿಳಿ ಅಂಟು. ಅವ್ವ ಅದನ್ನು ಜಗಲಿಯ ಮೇಲೆ ಇಡಬೇಕೋ ಬೇಡವೋ ಎಂದು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದಳು.

ಕೊಳ್ಳುವಾಗ ಮಣಿಯನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಿ. ನಿಜವಾದ ಗೆರೆ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಕಡಿಯದೆ ಹೋಗುತ್ತದೆ, ಅಂಕುಡೊಂಕಾಗಿರುತ್ತದೆ. ಕೊರೆದ ಗೆರೆ ನೇರ, ಒಂದೇ ಆಳ. ಎಲ್ಲ ಮಣಿಗಳೂ ಅಚ್ಚಿನಲ್ಲಿ ಒತ್ತಿದಂತೆ ಒಂದೇ ತರಹ ಇದ್ದರೆ ಅದು ಪ್ಲಾಸ್ಟಿಕ್. ನೀರಿನಲ್ಲಿ ಮುಳುಗಿದರೆ ಅಸಲಿ, ತೇಲಿದರೆ ನಕಲಿ ಎನ್ನುವ ಮಾತು ನಂಬಬೇಡಿ. ಚೆನ್ನಾಗಿ ಒಣಗಿದ ಅಸಲಿ ಮಣಿಯೂ ತೇಲಬಹುದು, ಸೀಸ ತುಂಬಿದ ನಕಲಿಯೂ ಮುಳುಗುತ್ತದೆ. ದುಬಾರಿ ಮಣಿಗೆ ಎಕ್ಸ್‌ರೇ ತೆಗೆಸಿ ಒಳಗಿನ ಕೋಣೆ ಎಣಿಸುವುದೇ ಗಟ್ಟಿ ದಾರಿ.

ಹುಳ ತಿಂದದ್ದು, ಬಿರುಕು ಬಿಟ್ಟದ್ದು, ಮುಳ್ಳಿಲ್ಲದ ಹೊಸ ಮಣಿ ಬೇಡ ಎಂದು ರುದ್ರಾಕ್ಷ ಜಾಬಾಲ ಉಪನಿಷತ್ತು ಹೇಳುತ್ತದೆ. ತಾನಾಗಿಯೇ ತೂತು ಇರುವುದು ಉತ್ತಮ ಎನ್ನುವುದೂ ಅಲ್ಲೇ ಇದೆ. ಅದರ ಪ್ರಕಾರ ನೆಲ್ಲಿಕಾಯಿ ಗಾತ್ರದ್ದು ಶ್ರೇಷ್ಠ, ಬಾರಿಹಣ್ಣಿನ ಗಾತ್ರದ್ದು ಮಧ್ಯಮ, ಕಡಲೆಕಾಳಿನದು ಕಡೆಯದು. ಆದರೆ ನೆಲ್ಲಿಕಾಯಿಯಷ್ಟು ದೊಡ್ಡ 108 ಮಣಿಗಳ ಮಾಲೆಯನ್ನು ಬೆರಳಲ್ಲಿ ತಿರುಗಿಸುವುದು ಕಷ್ಟ ಅಲ್ವಾ? ಕೊರಳಿಗೆ ದೊಡ್ಡದು ಇರಲಿ. ಜಪಕ್ಕೆ 6ರಿಂದ 8 ಮಿಲಿಮೀಟರಿನದು ಹದವಾಗಿರುತ್ತದೆ.

ತೊಳೆದು ಎಣ್ಣೆ ಹಚ್ಚುವುದು

ಹೊಸ ಮಣಿಗಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಯ ಕೊಳೆ ತೆಗೆಯಿರಿ. ಸೋಪು ಬೇಡ. ನೆರಳಲ್ಲಿ ಎರಡು ದಿನ ಒಣಗಿಸಿ. ನಮ್ಮ ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತವೆ. ಒಣಗಿದ ಮೇಲೆ ಸ್ವಲ್ಪ ಎಳ್ಳೆಣ್ಣೆ ಸವರಿ ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಒರೆಸಿ.

ಪೋಣಿಸುವುದು

ಬೇಕಾದದ್ದು: 108 ಮಣಿ, ಮೇರುವಿಗೆ, ಅಂದರೆ ಮಾಲೆಯ ಎರಡೂ ತುದಿ ಕೂಡುವಲ್ಲಿನ ಮಣಿಗೆ, ಸ್ವಲ್ಪ ದೊಡ್ಡದಾದ ಇನ್ನೊಂದು, ಗಟ್ಟಿ ಹತ್ತಿ ಅಥವಾ ರೇಷ್ಮೆ ದಾರ 3 ಮೀಟರ್, ಒಂದು ದಬ್ಬಣ. ಒಡೆದರೆ ಇರಲಿ ಎಂದು ನಾಲ್ಕೈದು ಮಣಿ ಹೆಚ್ಚಿಗೆ ತನ್ನಿ.

108 ಯಾಕೆ? 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಗುಣಿಸಿದರೆ 108. ಇನ್ನೊಂದು ಲೆಕ್ಕವೂ ಇದೆ: ನೂರು ಜಪಕ್ಕೆ, ಎಂಟು ತಪ್ಪಿದ್ದಕ್ಕೆ. ನನಗೆ ಈ ಎರಡನೆಯದೇ ಇಷ್ಟ. ಮನಸ್ಸು ಎಲ್ಲೋ ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದು ಎಂಟು ಮಣಿ ಜಾಸ್ತಿ ಇಟ್ಟವರಿಗೆ ಕೈ ಮುಗಿಯಬೇಕು.

ದಾರದ ತುದಿ ಎರಡು ಇಂಚಿಗೆ ಫೆವಿಕಾಲ್ ಸವರಿ ಹೊಸೆದು ಒಣಗಲು ಬಿಡಿ. ಅದೇ ಸೂಜಿಯಾಗುತ್ತದೆ. ಇನ್ನೊಂದು ತುದಿಯಲ್ಲಿ ಒಂದು ಗೇಣು ಬಿಟ್ಟು ಗಂಟು ಹಾಕಿ. ಮೊದಲ ಮಣಿ ಪೋಣಿಸಿ, ಮತ್ತೆ ಗಂಟು. ಗಂಟನ್ನು ಬಿಗಿಯುವ ಮೊದಲು ಕುಣಿಕೆಯೊಳಗೆ ದಬ್ಬಣ ಇಟ್ಟು ಮಣಿಯ ಹತ್ತಿರಕ್ಕೆ ತಳ್ಳಿ, ಆಮೇಲೆ ದಬ್ಬಣ ತೆಗೆದು ಎಳೆಯಿರಿ. ಇದೊಂದು ಕೈಗೆ ಬಂದರೆ ಉಳಿದದ್ದು ಸಲೀಸು. ಹತ್ತು ಮಣಿಯವರೆಗೆ ಗಂಟು ಎಲ್ಲೆಲ್ಲೋ ಬೀಳುತ್ತದೆ. ಬಿಚ್ಚಿ ಮತ್ತೆ ಹಾಕಿ.

ಗಂಟು ಯಾಕೆ ಅಂದರೆ, ಮಣಿಗೆ ಮಣಿ ತಿಕ್ಕುವುದಿಲ್ಲ, ಬೆರಳಿಗೆ ಒಂದೊಂದೇ ಸಿಗುತ್ತದೆ, ದಾರ ಕಡಿದರೂ ಎಲ್ಲ ಉದುರುವುದಿಲ್ಲ. ಮುಖಕ್ಕೆ ಮುಖ, ಬಾಲಕ್ಕೆ ಬಾಲ ಎದುರಾಗುವಂತೆ ಪೋಣಿಸುವುದು ಹಿರಿಯರ ರೂಢಿ. ಇಲ್ಲಿ ಮುಖ ಅಂದರೆ ಗೆರೆಯಲ್ಲ, ತೊಟ್ಟು ಇದ್ದ ಕಡೆ. ಕೊನೆಗೆ ಎರಡೂ ತುದಿ ಸೇರಿಸಿ ಮೇರುವಿನೊಳಗೆ ದಾಟಿಸಿ, ಗಂಟು ಹಾಕಿ ಕುಚ್ಚು ಬಿಡಿ. ಪುರುಸೊತ್ತು ಇಲ್ಲದವರು ದಾರದಲ್ಲಿ ಸರ ಪೋಣಿಸಿ ಕಟ್ಟುವ ಪಟವೇಗಾರರ ಬಳಿ ಕೊಟ್ಟು ಕಟ್ಟಿಸಬಹುದು. ಬೆಳ್ಳಿ ಕಟ್ಟು ಬೇಕಾದರೆ ಪತ್ತಾರರು ಮಾಡಿಕೊಡುತ್ತಾರೆ. ಮೊದಲ ಮಾಲೆಯನ್ನಾದರೂ ನೀವೇ ಪೋಣಿಸಿ ಎಂಬುದು ನನ್ನ ಒತ್ತಾಯ. 108 ಗಂಟು ಹಾಕುವಷ್ಟು ಹೊತ್ತು ಬಾಯಲ್ಲಿ ಮಂತ್ರ ಇದ್ದರೆ ಮೊದಲ ಸುತ್ತು ಅಲ್ಲೇ ಆಯಿತು.

ಎಣಿಸುವುದು

ಬಲಗೈ ಎದೆಯ ಹತ್ತಿರ ಇರಲಿ. ಮಾಲೆ ನಡುಬೆರಳ ಮೇಲೆ ಕೂರಲಿ, ಹೆಬ್ಬೆರಳಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆ ಎಳೆಯಿರಿ. ತೋರುಬೆರಳು ತಾಗಬಾರದು, ಅದು ಅಹಂಕಾರದ ಬೆರಳು ಎನ್ನುತ್ತಾರೆ. ಒಂದು ಮಣಿಗೆ ಒಂದು ಓಂ ನಮಃ ಶಿವಾಯ. ಮೇರು ಬಂದಾಗ ದಾಟದೆ, ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಹೊರಡಿ. ಅವಸರ ಮಾಡದಿದ್ದರೆ ಒಂದು ಸುತ್ತಿಗೆ ಆರೇಳು ನಿಮಿಷ. ಇಷ್ಟಲಿಂಗ ಪೂಜೆ ಮಾಡುವವರು ಎಡ ಅಂಗೈಯ ಲಿಂಗದ ಮೇಲೆ ದೃಷ್ಟಿ ಇಟ್ಟು ಬಲಗೈಯಲ್ಲಿ ಜಪ ಮಾಡುತ್ತಾರೆ.

ಹೆಣ್ಣುಮಕ್ಕಳು ಮುಟ್ಟಬಹುದೇ, ತಿಂಗಳ ಮುಟ್ಟಿನ ದಿನಗಳಲ್ಲಿ ತೆಗೆದಿಡಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಬೇರೆ ಸಂಪ್ರದಾಯಗಳಲ್ಲಿ ಬೇರೆ ನಿಯಮ ಇರಬಹುದು. ಶರಣರು ಮಾತ್ರ ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಒಪ್ಪಲಿಲ್ಲ. ನಮ್ಮವ್ವ ಒಂದು ದಿನವೂ ತೆಗೆದಿಟ್ಟದ್ದನ್ನು ನಾನು ನೋಡಿಲ್ಲ.

ದಾರ ಸಡಿಲಾದರೆ

ಜಪದ ಮಾಲೆ ಬೇರೆ, ಕೊರಳಿನದು ಬೇರೆ ಇರಲಿ. ಆರು ತಿಂಗಳಿಗೊಮ್ಮೆ ಎಣ್ಣೆ ಸವರಿ. ವರ್ಷಕ್ಕೊಮ್ಮೆ, ಶಿವರಾತ್ರಿಯ ಹಿಂದಿನ ವಾರ, ದಾರ ಎಳೆದು ನೋಡಿ. ಎಳೆ ಎದ್ದಿದ್ದರೆ ಕಡಿಯುವವರೆಗೆ ಕಾಯದೆ ಹೊಸ ದಾರಕ್ಕೆ ಪೋಣಿಸಿ. ಒಡೆದ ಮಣಿಯನ್ನು ಕಸಕ್ಕೆ ಹಾಕದೆ ಬಿಲ್ವಪತ್ರೆ ಗಿಡದ ಬುಡದಲ್ಲಿ ಹೂಳಿ. ನಮ್ಮಜ್ಜನ ಮಾಲೆಯ ಮಣಿ ನಮ್ಮ ಹಿತ್ತಲ ಪತ್ರಿ ಗಿಡದ ಬುಡದಲ್ಲಿದೆ. ಅದರ ಜಾಗದಲ್ಲಿ ಪೋಣಿಸಿದ ಹೊಸದು ಇನ್ನೂ ಸ್ವಲ್ಪ ಕೆಂಪಗೆ, ಮುಳ್ಳು ಮುಳ್ಳಾಗಿಯೇ ಇದೆ. ಜಪ ಮಾಡುವಾಗ ಬೆರಳು ಅಲ್ಲಿಗೆ ಬಂದದ್ದು ಗೊತ್ತಾಗುತ್ತದೆ.