ಹಿತ್ತಲಿನ ಮಣ್ಣಲ್ಲಿ ಹಳೆ ನಾಣ್ಯ, ಒಡವೆ: ಮೆಟಲ್ ಡಿಟೆಕ್ಟರ್ ಆಡಿಸುವುದು ಹೇಗೆ?

ಅಮೆರಿಕದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಹಿತ್ತಲೆಂದರೆ ಮೆಂತ್ಯ, ಟೊಮೆಟೊ ಹಾಕುವ ಜಾಗ. ಅದೇ ಮಣ್ಣಲ್ಲಿ, ಗೇಣುದ್ದದೊಳಗೆ, ಹಿಂದಿದ್ದವರ ಜೇಬಿನಿಂದ ಉದುರಿದ ಚಿಲ್ಲರೆ ಇದ್ದರೂ ಇದ್ದೀತು. ಅಲ್ಲಿ 1964ರವರೆಗಿನ ಡೈಮ್ (ಹತ್ತು ಸೆಂಟು), ಕ್ವಾರ್ಟರ್ (ಇಪ್ಪತ್ತೈದು ಸೆಂಟು) ನಾಣ್ಯಗಳಲ್ಲಿ ಶೇ 90ರಷ್ಟು ಬೆಳ್ಳಿ. 1965ರಿಂದ ಬಂದವು ತಾಮ್ರಕ್ಕೆ ತಾಮ್ರ–ನಿಕಲ್ ಹೊದಿಸಿದವು. ಹಾಗಾಗಿ ಮನೆ ಯಾವಾಗ ಕಟ್ಟಿದ್ದೆಂದು ಮೊದಲು ನೋಡಿಕೊಳ್ಳಿ. ಮನೆಪತ್ರದಲ್ಲೋ ಊರಿನ ತೆರಿಗೆ ದಾಖಲೆಯಲ್ಲೋ ಇರುತ್ತದೆ.

ಸ್ವಂತ ಹಿತ್ತಲಿನಿಂದಲೇ ಶುರು ಮಾಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಬೇಕು. ಪಕ್ಕದ ಮನೆಯದಾದರೆ, ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಎಂದು ಮಣ್ಣು ಮುಟ್ಟುವ ಮೊದಲೇ ಮಾತಾಡಿಕೊಳ್ಳಿ. ಬೆಳ್ಳಿ ಕಂಡ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್ ಲೈನುಗಳು ಎಲ್ಲಿ ಹಾದಿವೆ ಎಂದು ಬಂದು ಗುರುತು ಹಾಕಿಹೋಗುತ್ತಾರೆ. ಖರ್ಚಿಲ್ಲ. ಆದರೆ ಹುಲ್ಲಿಗೆ ನೀರು ಚಿಮ್ಮಿಸುವ ಪೈಪು, ನಾಯಿ ಹೊರಗೆ ಹೋಗದಂತೆ ಹೂತ ತಂತಿಯಂಥ ಮನೆಯವರದೇ ಲೈನುಗಳು ಈ ಗುರುತಿನಲ್ಲಿ ಬರುವುದಿಲ್ಲ.

ಯಂತ್ರ ದುಬಾರಿಯದೇ ಬೇಕೆಂದಿಲ್ಲ, ವಿಎಲ್ಎಫ್ (ತೀರಾ ಕಡಿಮೆ ಆವರ್ತನದ) ಬಗೆಯ ಸಾಧಾರಣದ್ದು ಸಾಕು. ಅದರ ಕೆಳಗಿನ ದುಂಡನೆಯ ಕಾಯಿಲ್ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ; ಲೋಹ ಎದುರಾದರೆ ಅದರಲ್ಲಿ ಪುಟ್ಟ ವಿದ್ಯುತ್ ಸುಳಿಗಳು ಏಳುತ್ತವೆ; ಅವುಗಳ ಪರಿಣಾಮವನ್ನು ಅಳೆದು ಯಂತ್ರ ಒಂದು ಸದ್ದು ಮಾಡಿ, ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ. ಕಬ್ಬಿಣದ ಮೊಳೆಗೆ ಸಣ್ಣ ಅಂಕಿ, ಗೊಗ್ಗರು ಸದ್ದು. ಬೆಳ್ಳಿ, ತಾಮ್ರದ ನಾಣ್ಯಕ್ಕೆ ದೊಡ್ಡ ಅಂಕಿ, ಕೀಚಲು ಸದ್ದು.

ತೊಡಕಿರುವುದು ಇವೆರಡರ ನಡುವೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಚೂರು, ಐದು ಸೆಂಟಿನ ನಿಕಲ್, ಬಿಯರ್ ಕ್ಯಾನಿನ ಬಾಯಿ ತೆರೆಯುವ ಅಲ್ಯೂಮಿನಿಯಂ ಪುಲ್ ಟ್ಯಾಬ್, ಇವೆಲ್ಲ ಮಧ್ಯದ ಅಂಕಿಯವು. ಚಿನ್ನದ ಉಂಗುರದ್ದೂ ಅಲ್ಲೇ. ಕಸಕ್ಕೆ ಬೇಸತ್ತು ಹೊಸಬರು ಆ ನಡುವಿನ ಅಂಕಿಗಳನ್ನೇ ಯಂತ್ರದಲ್ಲಿ ಬಂದ್ ಮಾಡಿಬಿಡುತ್ತಾರೆ. ಆಗ ಪುಲ್ ಟ್ಯಾಬಿನ ಜೊತೆ ಚಿನ್ನವೂ ಸುಮ್ಮನಾಗುತ್ತದೆ. ಒಡವೆ ಬೇಕೆನ್ನುವವರು ಕಬ್ಬಿಣವೊಂದನ್ನೇ ಬಂದ್ ಮಾಡಿ, ಉಳಿದದ್ದನ್ನೆಲ್ಲ ಅಗೆಯಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಅಗೆಯುವ ಮುಂಚೆ ಕಿವಿ ಪಳಗಲಿ. ನಿಮ್ಮದೇ ಉಂಗುರ, ಕಾಲುಂಗುರ, ಓಲೆ, ಒಂದೆರಡು ನಾಣ್ಯ ಹುಲ್ಲಿನ ಮೇಲಿಟ್ಟು ಕಾಯಿಲ್ ಆಡಿಸಿ, ಅಂಕಿ ಬರೆದಿಟ್ಟುಕೊಳ್ಳಿ. ಎಳೆ ಸರವನ್ನೂ ಇಟ್ಟು ನೋಡಿ: ಸದ್ದು ಬರುವುದೇ ಅನುಮಾನ. ಯಂತ್ರಕ್ಕೆ ಸರ ಇಡಿಯಾಗಿ ಕಾಣುವುದಿಲ್ಲ, ಒಂದೊಂದು ಕೊಂಡಿಯಾಗಿ ಕಾಣುತ್ತದೆ. ಕಳೆದ ಸರ ಹುಡುಕುವಾಗ ಪದಕದ್ದೋ ಕೊಕ್ಕೆಯದ್ದೋ ಸದ್ದನ್ನೇ ನಂಬಬೇಕು.

ಹುಡುಕುವುದೆಲ್ಲಿ? ಜನ ಬಗ್ಗಿದ, ಕೂತ, ಆಡಿದ ಕಡೆ. ಬಟ್ಟೆ ಒಣಹಾಕುತ್ತಿದ್ದ ಕಂಬದ ಬುಡ, ದೊಡ್ಡ ಮರದ ನೆರಳು, ಮೆಟ್ಟಿಲ ಪಕ್ಕ, ಕಾಲುದಾರಿಯ ಅಂಚು. ಚಳಿಗೆ ಬೆರಳು ಸಣ್ಣಗಾಗಿ, ಎಲೆ ಗುಡಿಸುವಾಗಲೋ ಹಿಮ ಎತ್ತಿಹಾಕುವಾಗಲೋ ಉಂಗುರ ಜಾರುವುದುಂಟು. ಹಾಗಾಗಿ ಹಿಮ ರಾಶಿ ಹಾಕುವ ಜಾಗವನ್ನು ಬಿಡಬೇಡಿ. ಕಾಯಿಲ್ಲನ್ನು ನೆಲಕ್ಕೆ ಸಮವಾಗಿ, ತಾಗಿಯೂ ತಾಗದಂತೆ, ನಿಧಾನ ಆಡಿಸಿ. ತುದಿಗೆ ಬಂದಾಗ ಕೈ ಮೇಲೇಳುವುದು ಎಲ್ಲರ ಚಾಳಿ. ಎದ್ದಷ್ಟೂ ಆಳ ತಪ್ಪುತ್ತದೆ. ಸದ್ದು ಬಂದ ಕಡೆ ತೊಂಬತ್ತು ಡಿಗ್ರಿ ತಿರುಗಿ ಮತ್ತೆ ನೋಡಿ. ಎರಡೂ ದಿಕ್ಕಿನಿಂದ ಅಂಕಿ ಅಲುಗದಿದ್ದರೆ ಅಗೆಯಿರಿ; ಒಂದು ಕಡೆ ಮಾತ್ರ ಕೀಚಲು ಬಂದು ಇನ್ನೊಂದು ಕಡೆ ಮುರಿದರೆ ಬಹುಪಾಲು ಬಾಗಿದ ಮೊಳೆ.

ಅಗೆಯುವುದಕ್ಕೆ ಗುದ್ದಲಿ ಬೇಡ, ಅಂಚು ಹರಿತವಾದ ಕೈಸಲಿಕೆ ಸಾಕು. ಹುಲ್ಲನ್ನು ಮೂರು ಕಡೆ ಕೊಯ್ದು ನಾಲ್ಕನೆಯ ಕಡೆ ಹಾಗೇ ಬಿಡಿ. ಬೇರು, ಮಣ್ಣು ಸಮೇತ ನಾಲ್ಕು ಇಂಚು ದಪ್ಪದ ಹೆಂಟೆಯನ್ನು ಪೆಟ್ಟಿಗೆ ಮುಚ್ಚಳದ ಹಾಗೆ ಹಿಂದಕ್ಕೆ ಮಗುಚಿ. ಸಡಿಲ ಮಣ್ಣೆಲ್ಲ ಒಂದು ಬಟ್ಟೆಯ ಮೇಲೆ ಬೀಳಲಿ. ಪಿನ್‌ಪಾಯಿಂಟರ್ ಎಂಬ ಗೇಣುದ್ದದ ಪುಟ್ಟ ಡಿಟೆಕ್ಟರ್ ಕಡ್ಡಿಯನ್ನು ಗುಂಡಿಯ ಗೋಡೆಗೆ ಹಿಡಿದರೆ ವಸ್ತು ಎಲ್ಲಿದೆ ಎಂದು ಗೊತ್ತಾಗುತ್ತದೆ, ಸಲಿಕೆ ತಗುಲಿ ನಾಣ್ಯ ಗೀರುವುದಿಲ್ಲ. ಆಮೇಲೆ ಬಟ್ಟೆಯ ಮಣ್ಣನ್ನು ಗುಂಡಿಗೆ ಸುರಿದು, ಹೆಂಟೆ ಮುಚ್ಚಿ, ತುಳಿದು, ನೀರು ಹಾಕಿ. ಮಳೆಯಾದ ಮರುದಿನ ಈ ಕೆಲಸಕ್ಕೆ ಹದ. ಬಿರುಬೇಸಿಗೆಯಲ್ಲಿ ಕೊಯ್ದ ಹುಲ್ಲು ಒಣಗಿ, ಅಂಗಳದ ತುಂಬ ಕಂದು ಚೌಕಗಳಾಗುತ್ತವೆ.

ಸಿಕ್ಕಿದ್ದನ್ನು ಉಜ್ಜಬೇಡಿ. ಬೆಳ್ಳಿ ಮಣ್ಣಲ್ಲೂ ಬಹುಮಟ್ಟಿಗೆ ಬಿಳುಪಾಗಿಯೇ ಇರುತ್ತದೆ, ನೀರಲ್ಲಿ ಅದ್ದಿದರೆ ಸಾಕು. ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿರುವ ಒಂದು ಸೆಂಟಿನ ನಾಣ್ಯ 1909ರಿಂದ 1958ರವರೆಗಿನದು. ಅದರ ಹಸಿರು ಕಿಲುಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಬೆಲೆಯೂ ತಿಕ್ಕಿಹೋಗುತ್ತದೆ. ಉಂಗುರದ ಒಳಸುತ್ತನ್ನು ಲೆನ್ಸ್ ಹಿಡಿದು ನೋಡಿ. ಶಾಲೆ ಮುಗಿಸುವವರು ನೆನಪಿಗೆ ಮಾಡಿಸಿಕೊಳ್ಳುವ ಕ್ಲಾಸ್ ರಿಂಗ್ ಆದರೆ ಹೊರಗೆ ಶಾಲೆಯ ಹೆಸರು, ವರ್ಷ ಇರುತ್ತವೆ, ಎಷ್ಟೋ ಸಲ ಒಳಗೆ ತೊಟ್ಟವರ ಹೆಸರಿನ ಮೊದಲಕ್ಷರಗಳೂ. ಕಳೆದುಕೊಂಡವರನ್ನು ಹುಡುಕಿ ಕೊಡಬಹುದು.

ರಜೆಗೆ ಊರಿಗೆ ಬರುವಾಗ ಯಂತ್ರ ಅಲ್ಲೇ ಇರಲಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಅಜ್ಜನ ಹಿತ್ತಲಲ್ಲೇ ಹೂತಿಟ್ಟ ನಾಣ್ಯ, ಒಡವೆ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟುಕೊಂಡರೆ ಅಪರಾಧ.